ಅಕ್ವಿಲೋನಿಯಾದ ಗುಡಿ, ಗಾದಿ, ಗುಸುಗುಸು: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ವಿಲೋನಿಯಾದ ಗಾದಿ ಹತ್ತುವ ಕೋನನ್ ಅನ್ನುವ ವೀರನ ಕಥೆಗಳು ಅಂದ ಕೂಡಲೇ ಕತ್ತಿ, ಮಾಂತ್ರಿಕ, ಬೆಟ್ಟದಂಥ ಮೈಕಟ್ಟು ಇಷ್ಟೇ ನೆನಪಾಗುತ್ತದೆ. ಆದರೆ ಆ ಕಥೆಗಳಲ್ಲಿ ಕಿತಾಪತಿ ಶುರುವಾಗುವುದು ಬಹಳ ಸಲ ಗುಡಿಯಲ್ಲಿ. ಯಾವ ದೇವರನ್ನು ಯಾರು ಪೂಜಿಸಬೇಕು, ಯಾರ ಪೂಜೆಗೆ ಬೆಂಕಿ ಇಡಬೇಕು ಅನ್ನುವುದೇ ಅಲ್ಲಿ ಗಾದಿ ಅಲುಗಾಡಿಸುವ ವಿಷಯ. ಆ ಕಥೆಗಳನ್ನು ಈಗಷ್ಟೇ ಹಿಡಿದವರು, ಅರ್ಧ ಓದಿ ಬಿಟ್ಟವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಕಥೆಯ ಗುಟ್ಟು ಕೆಲವು ಕಡೆ ರಟ್ಟಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಇದು ಯಾವ ರಾಜ್ಯ? ನಿಜವಾಗಿ ಇತ್ತಾ?

ಇಲ್ಲ. ಅಕ್ವಿಲೋನಿಯಾ ಪೂರ್ತಿ ಕಲ್ಪನೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಕ್ರಾಸ್ ಪ್ಲೇನ್ಸ್ ಅನ್ನುವ ಸಣ್ಣ ಊರಿನಲ್ಲಿ ಕೂತು ರಾಬರ್ಟ್ ಇ. ಹೋವರ್ಡ್ (1906–1936) ಕಟ್ಟಿದ ರಾಜ್ಯ ಅದು. ದಂತಕಥೆಯ ದ್ವೀಪ ಅಟ್ಲಾಂಟಿಸ್ ಮುಳುಗಿದ ಮೇಲೆ, ನಮಗೆ ಗೊತ್ತಿರುವ ಚರಿತ್ರೆ ಶುರುವಾಗುವ ಮೊದಲು ಒಂದು ಯುಗ ಇತ್ತು ಅಂತ ಅವನು ಊಹಿಸಿಕೊಂಡ. ಅದಕ್ಕೆ ಹೈಬೋರಿಯನ್ ಯುಗ ಅಂತ ಹೆಸರಿಟ್ಟ. ಆ ಕಾಲದ ರಾಜ್ಯಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಶ್ರೀಮಂತವಾದದ್ದು ಅಕ್ವಿಲೋನಿಯಾ. ಪಕ್ಕದಲ್ಲಿ ಪ್ರತಿಸ್ಪರ್ಧಿ ನೆಮೀಡಿಯಾ, ದೂರದ ದಕ್ಷಿಣಕ್ಕೆ ಹಾವಿನ ದೇವರ ನಾಡು ಸ್ಟಿಜಿಯಾ.

ಮೊದಲ ಕೋನನ್ ಕಥೆ ‘ದಿ ಫೀನಿಕ್ಸ್ ಆನ್ ದಿ ಸ್ವೋರ್ಡ್’ 1932ರ ಡಿಸೆಂಬರ್‌ನಲ್ಲಿ ‘ವಿಯರ್ಡ್ ಟೇಲ್ಸ್’ ಅನ್ನುವ ಅಗ್ಗದ ಮಾಸಪತ್ರಿಕೆಯಲ್ಲಿ ಬಂತು. ಈ ಜಾತಿಯ ಕಥೆಗೆ ‘ಸ್ವೋರ್ಡ್ ಅಂಡ್ ಸಾರ್ಸರಿ’ (ಕತ್ತಿ ಮತ್ತು ಮಾಟ) ಅನ್ನುವ ಹೆಸರು ಬಿದ್ದದ್ದು 1961ರಲ್ಲಿ. ಅಷ್ಟು ಹೊತ್ತಿಗೆ ಹೋವರ್ಡ್ ತೀರಿಕೊಂಡು 25 ವರ್ಷ ಆಗಿತ್ತು.

ಕೋನನ್ ಅಂದರೆ ಸಿನಿಮಾದಲ್ಲಿ ಬರುವ ಪೈಲ್ವಾನ್ ಅಲ್ವಾ? ಅವನಿಗೂ ಧರ್ಮಕ್ಕೂ ಏನು ಸಂಬಂಧ?

ಅವನೇ. ಆದರೆ 1982ರ ಸಿನಿಮಾ ಬೇರೆ, ಮೂಲ ಕಥೆಗಳು ಬೇರೆ. ಮೊಟ್ಟಮೊದಲ ಕಥೆಯಲ್ಲೇ ಕೋನನ್ ನಡುವಯಸ್ಸಿನ ರಾಜ. ಉತ್ತರದ ಸಿಮೇರಿಯಾದಿಂದ ಬಂದ ಕಾಡುಮನುಷ್ಯ, ನ್ಯುಮೆಡಿಡೀಸ್ ಅನ್ನುವ ಕ್ರೂರಿ ರಾಜನನ್ನು ಕೊಂದು ಅಕ್ವಿಲೋನಿಯಾದ ಸಿಂಹಾಸನ ಹತ್ತಿದ್ದಾನೆ. ಕೂತ ಮೇಲೆ ಗೊತ್ತಾಗುತ್ತದೆ, ಗಾದಿ ಗೆಲ್ಲುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟ ಅಂತ. ಆ ಕಷ್ಟದಲ್ಲಿ ದೊಡ್ಡ ಪಾಲು ಧರ್ಮದ್ದು.

ಅಲ್ಲಿ ಯಾವ ಯಾವ ದೇವರಿದ್ದಾರೆ?

ಬಹಳ ಜನ ಇದ್ದಾರೆ. ಈ ವಿಷಯಕ್ಕೆ ಬೇಕಾದವರು ಇಷ್ಟು. ಪಶ್ಚಿಮದ ರಾಜ್ಯಗಳಿಗೆಲ್ಲ ಮಿತ್ರ. ಅವನ ಗುಡಿಗಳು ಸರಳ, ನರಬಲಿ ಇಲ್ಲ. ಸ್ಟಿಜಿಯಾಕ್ಕೆ ಸೆಟ್, ಹಾವಿನ ರೂಪ, ನರಬಲಿ ಉಂಟು. ಶೆಮ್ ನಾಡಿನ ಕಡೆಯಿಂದ ಬಂದವಳು ಇಷ್ಟಾರ್. ಸೆಟ್‌ನ ಕಡುವೈರಿ ಐಬಿಸ್. ಪೂರ್ವದಿಂದ ಬಂದು ಅಕ್ವಿಲೋನಿಯಾದಲ್ಲಿ ತಲೆಮರೆಸಿಕೊಂಡು ಬದುಕುವ ಸಣ್ಣ ಪಂಥ ಅಸುರನದು. ಕೋನನ್‌ನ ಮನೆದೇವರು ಕ್ರೋಮ್, ಬೆಟ್ಟದ ಮೇಲೆ ಮುಖ ಸಿಂಡರಿಸಿಕೊಂಡು ಕೂತವನು. ಹುಟ್ಟುವಾಗ ಹೋರಾಡುವ ಛಲ ಕೊಡುತ್ತಾನೆ, ಆಮೇಲೆ ಯಾರು ಕೂಗಿದರೂ ತಿರುಗಿ ನೋಡುವುದಿಲ್ಲ.

ಮಿತ್ರ, ಅಸುರ ಇವರೆಲ್ಲ ನಮ್ಮ ವೇದದವರೇ ಅಲ್ವಾ?

ಹೆಸರಷ್ಟೇ. ಹೋವರ್ಡ್ ಕೈಗೆ ಸಿಕ್ಕ ಚರಿತ್ರೆಯಿಂದ, ಪುರಾಣದಿಂದ ಹೆಸರು ಎತ್ತಿಕೊಳ್ಳುತ್ತಿದ್ದ. ಇರಾನಿನ ಕೇಡಿನ ದೇವತೆ ಅಹ್ರಿಮನ್ ಅಲ್ಲಿ ಒಂದು ಮಾಂತ್ರಿಕ ರತ್ನದ ಹೆಸರಲ್ಲಿ ಸೇರಿಕೊಂಡಿದ್ದಾನೆ, ಈಜಿಪ್ಟಿನ ಸೆಟ್ ಸ್ಟಿಜಿಯಾಕ್ಕೆ ಹೋಗಿದ್ದಾನೆ. ನಮ್ಮ ದೇಶದ ನೆರಳಿನಲ್ಲಿ ‘ವೆಂಧ್ಯಾ’ ಅನ್ನುವ ನಾಡು ಇದೆ, ಅಲ್ಲಿ ಕ್ಷತ್ರಿಯರೂ ಇದ್ದಾರೆ. ನಮ್ಮಲ್ಲಿ ಅಸುರ ಅಂದರೆ ದೇವತೆಗಳ ಶತ್ರು. ಅವನ ಕಥೆಯಲ್ಲಿ ಅಸುರ ಒಬ್ಬ ದೇವರು, ಅವನ ಭಕ್ತರು ಒಳ್ಳೆಯವರು.

ಒಂದು ಕಡೆ ಮಾತ್ರ ಕನ್ನಡದ ಓದುಗರಿಗೆ ಕಸಿವಿಸಿ ಆಗುತ್ತದೆ. 1935ರ ‘ಶಾಡೋಸ್ ಇನ್ ಝಂಬೂಲಾ’ದಲ್ಲಿ ಹನುಮಾನ್ ಅನ್ನುವ ಕೋತಿ ದೇವರಿಗೆ ಒಂದು ಗುಡಿ. ಅದರ ಪೂಜಾರಿ ಟೋಟ್ರಾಸ್ಮೆಕ್ ಕಡುಪಾಪಿ. ಅಂಜನಾದ್ರಿಯ ಮೆಟ್ಟಿಲು ಹತ್ತಿ ಬಂದವರಿಗೆ ಇದನ್ನು ಓದುವುದು ಕಷ್ಟವೇ. ಟೆಕ್ಸಾಸ್‌ನ ಹುಡುಗನಿಗೆ ಹನುಮಂತ ಅಂದರೆ ವಿಚಿತ್ರವಾಗಿ ಕೇಳಿಸುವ ಒಂದು ಹೆಸರು, ಅಷ್ಟೇ. ಅವನಿಗೆ ಗೊತ್ತಿರಲಿಲ್ಲ ಅಂತ ಬಿಟ್ಟು ಮುಂದೆ ಹೋಗುವುದು ನನ್ನ ಸಲಹೆ.

ಮಿತ್ರನ ಗುಡಿ ಒಳ್ಳೆಯದು, ಸೆಟ್‌ನ ಗುಡಿ ಕೆಟ್ಟದ್ದು. ಇಷ್ಟೇನಾ?

ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ. ಹೋವರ್ಡ್ ಕೂಡ ಮಿತ್ರನ ಕಡೆಗೇ ವಾಲುತ್ತಾನೆ. ಆದರೆ ಮೊದಲ ಕಥೆಯನ್ನೇ ಸ್ವಲ್ಪ ನಿಧಾನವಾಗಿ ಓದಿ.

ಕೋನನ್ ತನ್ನ ಗೆಳೆಯನ ಹತ್ತಿರ ಗೋಳು ಹೇಳಿಕೊಳ್ಳುತ್ತಾನೆ. ತಾನು ನ್ಯುಮೆಡಿಡೀಸ್‌ನನ್ನು ಕೊಂದಾಗ ಇದೇ ಜನ ಜೈಕಾರ ಹಾಕಿದ್ದರು. ಈಗ ಮಿತ್ರನ ಗುಡಿಯಲ್ಲಿ ಆ ಸತ್ತ ರಾಜನ ವಿಗ್ರಹ ನಿಲ್ಲಿಸಿದ್ದಾರೆ. ಜನ ಅದರ ಮುಂದೆ ಧೂಪ ಹಾಕಿ ಅಳುತ್ತಾರೆ. ಸಂತನಂಥ ರಾಜ, ಕಾಡುಮನುಷ್ಯನ ಕೈಯಲ್ಲಿ ಸತ್ತ ಅಂತ. ಹಾಗೆ ಅಳುವವರು ಯಾರು ಗೊತ್ತಾ? ನ್ಯುಮೆಡಿಡೀಸ್‌ನ ಕಟುಕರಿಂದ ಕಣ್ಣು ಕಳೆದುಕೊಂಡವರು. ಅವನ ಸೆರೆಮನೆಯಲ್ಲಿ ಮಕ್ಕಳನ್ನು ಕಳೆದುಕೊಂಡವರು. ಹೆಂಡತಿಯನ್ನೋ ಮಗಳನ್ನೋ ಅವನ ಅಂತಃಪುರಕ್ಕೆ ಎಳೆದುಕೊಂಡು ಹೋಗಿದ್ದನ್ನು ಕಣ್ಣಾರೆ ನೋಡಿದವರು.

ಇಲ್ಲಿ ಮಾಟ ಇಲ್ಲ, ಮಂತ್ರ ಇಲ್ಲ. ಒಂದು ವಿಗ್ರಹ, ಒಂದಿಷ್ಟು ಧೂಪ, ಒಬ್ಬ ಕವಿ. ಕವಿಯ ಹೆಸರು ರಿನಾಲ್ಡೊ. ಊರೆಲ್ಲ ಅವನ ಹಾಡು. ಅವನ ಹಿಂದೆ ನಿಂತವರು ನಾಲ್ವರು: ಅಸ್ಕಲಾಂಟೆ, ವೊಲ್ಮಾನಾ, ಗ್ರೊಮೆಲ್, ಡಿಯಾನ್. ಒಬ್ಬೊಬ್ಬನಿಗೂ ಒಂದೊಂದು ದುರಾಸೆ. ಹಳೇ ರಾಜನ ಮೇಲೆ ನಿಜವಾದ ಭಕ್ತಿ ಇರುವವನು ರಿನಾಲ್ಡೊ ಒಬ್ಬನೇ, ಅದಕ್ಕೇ ಅವನನ್ನು ಮುಂದೆ ಬಿಟ್ಟಿದ್ದಾರೆ. ಧರ್ಮದ ಹೆಸರಿನ ಪಿತೂರಿ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಚೊಕ್ಕ ಚಿತ್ರ ಈ ಜಾತಿಯ ಕಥೆಗಳಲ್ಲಿ ನನಗೆ ಸಿಕ್ಕಿಲ್ಲ. ನಂಬುವವನು ಮುಂದೆ, ಲೆಕ್ಕ ಹಾಕುವವರು ಹಿಂದೆ.

ಕೋನನ್ ಆ ಕವಿಯನ್ನು ಸೆರೆ ಹಿಡಿಸುವುದಿಲ್ಲ. ಕವಿ ರಾಜನಿಗಿಂತ ದೊಡ್ಡವನು, ತಾನು ಸತ್ತ ಮೇಲೂ ಅವನ ಹಾಡು ಉಳಿಯುತ್ತದೆ ಅನ್ನುತ್ತಾನೆ. ರಾತ್ರಿ ಅರಮನೆಗೆ ನುಗ್ಗಿ ಕೊಲ್ಲಲು ಬಂದಾಗಲೂ ಅವನೊಬ್ಬನಿಗೆ ಹಿಂದೆ ಸರಿ ಅಂತ ಹೇಳಿ ನೋಡುತ್ತಾನೆ. ಅದಕ್ಕೆ ಸಿಕ್ಕ ಪ್ರತಿಫಲ ಒಂದು ಇರಿತ. ಆಮೇಲೇ ಅವನು ರಿನಾಲ್ಡೊನನ್ನು ಕೊಲ್ಲುವುದು.

ಮಿತ್ರನ ಪುರೋಹಿತರು ಯಾರನ್ನಾದರೂ ಸುಟ್ಟಿದ್ದು ಉಂಟಾ?

ಸುಡುವ ಪದ್ಧತಿ ಇತ್ತು ಅನ್ನುವುದು ಒಂದೇ ಮಾತಿನಲ್ಲಿ ಗೊತ್ತಾಗುತ್ತದೆ. ‘ದಿ ಅವರ್ ಆಫ್ ದಿ ಡ್ರ್ಯಾಗನ್’ ಕಾದಂಬರಿಯ ಶುರುವಿನಲ್ಲೇ ಒರಾಸ್ಟಿಸ್ ಅನ್ನುವವನು ಬರುತ್ತಾನೆ. ಒಂದು ಕಾಲದಲ್ಲಿ ಮಿತ್ರನ ಪುರೋಹಿತ. ಮಾಟದ ವಿದ್ಯೆಗೆ ಕೈ ಹಾಕಿದ್ದಕ್ಕೆ ಹೊರಗೆ ಹಾಕಿದರು. ಒಬ್ಬ ಶ್ರೀಮಂತನ ಬೆಂಬಲ ಇರದಿದ್ದರೆ ಸುಟ್ಟೇ ಹಾಕುತ್ತಿದ್ದರು ಅಂತ ಅವನೇ ಹೇಳುತ್ತಾನೆ. ಈ ಮನುಷ್ಯನೇ ಸತ್ತು 3000 ವರ್ಷ ಆದ ಕ್ಸಾಲ್ಟೋಟನ್ ಅನ್ನುವ ಮಹಾ ಮಾಂತ್ರಿಕನನ್ನು ಎಬ್ಬಿಸುವವನು. ಕೋನನ್ ಗಾದಿ ಕಳೆದುಕೊಳ್ಳುವುದು ಅದರಿಂದಲೇ. ಮಿತ್ರನ ಮಠ ಹೊರಗೆ ಹಾಕಿದವನು ಮಿತ್ರನ ರಾಜ್ಯವನ್ನೇ ಬೀಳಿಸಿದ ಅನ್ನಿ.

ಅಸುರನ ಭಕ್ತರ ಮೇಲೆ ಜನಕ್ಕೆ ಯಾಕಷ್ಟು ಸಿಟ್ಟು?

ಸಿಟ್ಟಿಗಿಂತ ಹೆದರಿಕೆ ಜಾಸ್ತಿ. ಅವರ ಗುಡಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಪೂಜೆ ಹೇಗೆ ಮಾಡುತ್ತಾರೆ ಗೊತ್ತಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಕಥೆ ಬೆಳೆಯುತ್ತದೆ. ಕದ್ದು ತಂದ ಮನುಷ್ಯರನ್ನು ಕಪ್ಪು ಪೀಠದ ಮೇಲೆ ಬಲಿ ಕೊಡುತ್ತಾರಂತೆ, ದೊಡ್ಡ ಹಾವೊಂದು ಕತ್ತಲಲ್ಲಿ ತಲೆ ಆಡಿಸುತ್ತಿರುತ್ತದಂತೆ. ಎಲ್ಲ ‘ಅಂತೆ’ಗಳೇ.

ಹೋವರ್ಡ್ ಇಲ್ಲಿ ಒಂದು ಮಾತು ಹೇಳುತ್ತಾನೆ, ಈ ಇಡೀ ಪುಟದಲ್ಲಿ ನೀವು ಇದೊಂದನ್ನು ಇಟ್ಟುಕೊಂಡರೂ ಸಾಕು. ಜನ ಹಿಂಸೆ ಕೊಟ್ಟರು ಅಂತ ಅವರು ಗುಡಿಯನ್ನು ಮುಚ್ಚಿಟ್ಟರು. ಮುಚ್ಚಿಟ್ಟರು ಅಂತ ಜನಕ್ಕೆ ಇನ್ನೂ ಅನುಮಾನ ಬಂತು. ಅನುಮಾನ ಬಂತು ಅಂತ ಹಿಂಸೆ ಜಾಸ್ತಿ ಆಯಿತು. ಎಲ್ಲಿಂದ ಶುರುವಾಯಿತು ಅಂತ ಹುಡುಕಿದರೆ ತುದಿ ಸಿಗುವುದಿಲ್ಲ. 1935ರ ಡಿಸೆಂಬರ್‌ನಿಂದ 1936ರ ಏಪ್ರಿಲ್‌ವರೆಗೆ ಧಾರಾವಾಹಿಯಾಗಿ ಬಂದ ‘ದಿ ಅವರ್ ಆಫ್ ದಿ ಡ್ರ್ಯಾಗನ್’ ಅನ್ನುವ ಇದೇ ಹೊಡೆದಾಟದ ಕಾದಂಬರಿಯಲ್ಲಿ ಎರಡೇ ವಾಕ್ಯದಲ್ಲಿ ಇದು ಬಂದು ಹೋಗುತ್ತದೆ. ಕಣ್ಣು ತಪ್ಪಿದರೆ ಕಾಣುವುದೇ ಇಲ್ಲ.

ಹಾಗಿದ್ದರೆ ಕೋನನ್ ಅವರನ್ನು ಯಾಕೆ ಕಾಪಾಡಿದ? ಅವನೇನು ದೊಡ್ಡ ಉದಾರಿಯಾ?

ಉದಾರಿ ಅಂತ ಅವನು ತನ್ನನ್ನು ಕರೆದುಕೊಳ್ಳುವವನಲ್ಲ. ಅವನ ವಾದ ಕೇಳಿದರೆ ನಗು ಬರುತ್ತದೆ, ಆದರೆ ಅದನ್ನು ಮುರಿಯುವುದು ಕಷ್ಟ. ಅವರು ನಿಜವಾಗಿ ಮಾಟಗಾರರಾದರೆ ನೀವು ಅವರನ್ನು ಹಿಂಸಿಸುವುದಕ್ಕೆ ಸುಮ್ನೆ ಬಿಡುತ್ತಾರಾ? ಮಾಟಗಾರರಲ್ಲ ಅಂದರೆ ಅವರಲ್ಲಿ ಕೇಡೇ ಇಲ್ಲ. ಯಾವನು ಯಾವ ದೇವರನ್ನು ಬೇಕಾದರೂ ಪೂಜಿಸಲಿ, ಬಿಡಿ. ಅವನ ತೀರ್ಪು ಹೆಚ್ಚುಕಡಿಮೆ ಇಷ್ಟೇ.

ಇದರಲ್ಲಿ ಎರಡು ವಿಷಯ ಇದೆ. ಒಂದು, ಅವನು ಸಾಕ್ಷಿ ಕೇಳಿದ. ದೂರು ಬಂತು, ಗಾಳಿಮಾತು ಬಂತು, ಯಾವುದೂ ರುಜುವಾತಾಗಲಿಲ್ಲ, ಆದ್ದರಿಂದ ಮುಟ್ಟಲಿಲ್ಲ. ಜನ ಮುಟ್ಟುವುದಕ್ಕೂ ಬಿಡಲಿಲ್ಲ. ಎರಡನೆಯದು ನನಗೆ ಇನ್ನೂ ಕುತೂಹಲದ್ದು. ಅವನಿಗೆ ಈ ಜಗಳದಲ್ಲಿ ಪಕ್ಷವೇ ಇಲ್ಲ. ಅವನ ಕ್ರೋಮ್‌ಗೆ ಗುಡಿ ಬೇಡ, ಕಾಣಿಕೆ ಬೇಡ, ಮತಾಂತರ ಬೇಡ. ಅಂಥ ದೇವರ ಕೈಕೆಳಗೆ ಬೆಳೆದವನಿಗೆ ಪಕ್ಕದವನ ದೇವರ ಮೇಲೆ ಹೊಟ್ಟೆಕಿಚ್ಚು ಬರುವುದು ಹೇಗೆ? ಹೋವರ್ಡ್ ಇದನ್ನು ಅನಾಗರಿಕನ ದೊಡ್ಡಮನಸ್ಸು ಅನ್ನುವ ಅರ್ಥದಲ್ಲಿ ಹೇಳುತ್ತಾನೆ. ನನಗೆ ಅದು ದೊಡ್ಡಮನಸ್ಸಿಗಿಂತ ಅಸಡ್ಡೆ ಅನ್ನಿಸುತ್ತದೆ. ಪ್ರಾಣ ಉಳಿದವರಿಗೆ ಅದರಿಂದ ವ್ಯತ್ಯಾಸ ಏನೂ ಆಗುವುದಿಲ್ಲ, ನಿಜ. ಆದರೆ ಅಸಡ್ಡೆಯ ರಕ್ಷಣೆ ರಾಜ ಇರುವವರೆಗೆ ಮಾತ್ರ. ಅದನ್ನು ಅವನು ಕಾನೂನು ಮಾಡಿ ಬಿಟ್ಟುಹೋದ ಅಂತ ಎಲ್ಲೂ ಬರುವುದಿಲ್ಲ.

ಅದರಿಂದ ಅವನಿಗೆ ಏನಾದರೂ ಲಾಭ ಆಯಿತಾ?

ಗಾದಿಯೇ ವಾಪಸ್ ಸಿಕ್ಕಿತು.

ವಿವರ ಬೇಕಾದರೆ ಹೀಗೆ. ಕ್ಸಾಲ್ಟೋಟನ್‌ನ ಮಾಯೆಯಿಂದ ವಾಲ್ಕಿಯಾದ ಯುದ್ಧದಲ್ಲಿ ಕೋನನ್ ಸೋಲುತ್ತಾನೆ. ರಾಜಧಾನಿ ಟರಾಂಟಿಯಾದಲ್ಲಿ ವಲೇರಿಯಸ್ ಅನ್ನುವವನು ರಾಜನಾಗಿದ್ದಾನೆ. ಕೋನನ್ ಸತ್ತ ಅಂತ ಜನ ನಂಬಿದ್ದಾರೆ. ಅವನು ವೇಷ ಮರೆಸಿಕೊಂಡು ಬಂದು, ತಲೆ ಕಡಿಯಲು ಕೂಡಿಹಾಕಿದ್ದ ಅಲ್ಬಿಯೋನಾ ಅನ್ನುವ ಹೆಣ್ಣುಮಗಳನ್ನು ಕಬ್ಬಿಣದ ಗೋಪುರದಿಂದ ಬಿಡಿಸುತ್ತಾನೆ. ಹೊರಗೆ ಬಂದರೆ ವೈರಿಗಳು ಮುತ್ತಿಕೊಳ್ಳುತ್ತಾರೆ. ಆಗ ಕತ್ತಲಿನಿಂದ ಮುಖವಾಡದವರು ಬಂದು ಕಾಪಾಡುತ್ತಾರೆ. ಅವರು ಅಸುರನ ಭಕ್ತರು. ಅವರ ಪುರೋಹಿತ ಹಡ್ರಾಥಸ್‌ಗೆ ರಾಜನ ಉಪಕಾರ ಮರೆತಿಲ್ಲ.

ಊರಿನಿಂದ ಹೊರಗೆ ಹೋಗುವುದು ಹೇಗೆ? ಇಲ್ಲಿ ಹೋವರ್ಡ್ ಚೆನ್ನಾಗಿ ತಲೆ ಓಡಿಸಿದ್ದಾನೆ. ಅಸುರನ ಭಕ್ತರು ತಮ್ಮ ಹೆಣಗಳನ್ನು ಕಪ್ಪು ದೋಣಿಯಲ್ಲಿಟ್ಟು ಖೊರೋಟಾಸ್ ನದಿಯಲ್ಲಿ ಸಮುದ್ರದ ಕಡೆ ಕಳಿಸುತ್ತಾರೆ. ಆ ದೋಣಿ ಕಂಡರೆ ದಡದ ಜನ ಮುಖ ತಿರುಗಿಸುತ್ತಾರೆ, ತಡೆದು ನೋಡುವ ಧೈರ್ಯ ಯಾರಿಗೂ ಇಲ್ಲ. ಕೋನನ್ ಮತ್ತು ಅಲ್ಬಿಯೋನಾ ತಪ್ಪಿಸಿಕೊಳ್ಳುವುದು ಅದರಲ್ಲೇ. ಯಾವ ಮೂಢ ಹೆದರಿಕೆಯಿಂದ ಆ ಜನ ಇಷ್ಟು ವರ್ಷ ನರಳಿದರೋ ಅದೇ ಹೆದರಿಕೆ ಈಗ ರಹದಾರಿ. ಕೊನೆಯ ಯುದ್ಧದಲ್ಲೂ ಕ್ಸಾಲ್ಟೋಟನ್‌ನನ್ನು ಇಳಿಸುವುದು ಕೋನನ್‌ನ ಕತ್ತಿಯಲ್ಲ. ಅಹ್ರಿಮನ್ ರತ್ನ ಹಿಡಿದು ಬೆಟ್ಟದ ಮೇಲೆ ನಿಂತ ಹಡ್ರಾಥಸ್.

ಸ್ಟಿಜಿಯಾದಲ್ಲಿ ಹಾವು ಮನುಷ್ಯರನ್ನು ನುಂಗಿದರೂ ಜನ ಸುಮ್ಮನಿರುತ್ತಾರಂತೆ. ಹೌದಾ?

ಹೌದು, ಅದೇ ಕಾದಂಬರಿಯಲ್ಲಿ. ಖೆಮಿ ಸ್ಟಿಜಿಯಾದ ಬಂದರು ಪಟ್ಟಣ. ಅಲ್ಲಿನ ಗುಡಿಯ ಹೆಬ್ಬಾವುಗಳು ಸೆಟ್‌ನ ಮಕ್ಕಳು. ಹಸಿವಾದಾಗ ರಾತ್ರಿ ಬೀದಿಗೆ ಬರುತ್ತವೆ, ಸಿಕ್ಕವರನ್ನು ಹಿಡಿದು ನುಂಗುತ್ತವೆ. ಅದು ಬಲಿ ಅಂತ ಲೆಕ್ಕ. ಹಾವು ಕಂಡ ಕೂಡಲೇ ಬೀದಿಯಲ್ಲಿದ್ದವರು ಗಂಡು ಹೆಣ್ಣು ಅನ್ನದೆ ಮಂಡಿಯೂರುತ್ತಾರೆ. ಒಬ್ಬರನ್ನು ಅದು ಆರಿಸಿಕೊಳ್ಳುತ್ತದೆ, ಉಳಿದವರು ಎದ್ದು ಮನೆಗೆ ಹೋಗುತ್ತಾರೆ. ದೇವರ ಇಚ್ಛೆ, ಅಷ್ಟೇ.

ಹಾವು ಕೋನನ್ ಕಡೆಗೆ ಬರುತ್ತದೆ. ಅವನು ಅದನ್ನು ಕೊಲ್ಲುತ್ತಾನೆ. ಆಗ ಏನಾಗುತ್ತದೆ ನೋಡಿ. ಈಗಷ್ಟೇ ಸಾಯಲು ತಯಾರಾಗಿ ಕೂತಿದ್ದ ಜನವೇ ಸೆಟ್‌ನ ಮಗನನ್ನು ಕೊಂದ ಪಾಪಿ ಅಂತ ಕೂಗುತ್ತಾ ಅವನನ್ನು ಅಟ್ಟಿಸಿಕೊಂಡು ಬರುತ್ತಾರೆ. ಪ್ರಾಣ ಉಳಿಸಿದ್ದಕ್ಕೆ ಕಲ್ಲೇಟು. ಹೋವರ್ಡ್ ಇದನ್ನು ತೀರ ಬೇಗ ಬರೆದು ಮುಗಿಸುತ್ತಾನೆ, ಇನ್ನೊಂದು ಪುಟ ಇದ್ದಿದ್ದರೆ ಅನ್ನಿಸುತ್ತದೆ. ಆ ಜನರಲ್ಲಿ ಒಬ್ಬನಿಗಾದರೂ ಒಳಗೊಳಗೇ ಸಮಾಧಾನ ಆಗಿರಲಿಲ್ವಾ?

ನಾವು ನಾಗರಕಲ್ಲಿಗೆ ಹಾಲೆರೆಯುವವರು. ಹಾವಿನ ದೇವರನ್ನೇ ಕೇಡಿಗ ಮಾಡಿದ್ದು ಸರಿಯಾ?

ಒಳ್ಳೆಯ ಪ್ರಶ್ನೆ, ನಮ್ಮ ಕಡೆಯವರೇ ಕೇಳಬೇಕಾದ ಪ್ರಶ್ನೆ. ಅಶ್ವತ್ಥಕಟ್ಟೆಯ ಮೇಲೆ ಹೆಣೆದುಕೊಂಡ ನಾಗರ, ಕುಕ್ಕೆಯ ಸುಬ್ರಹ್ಮಣ್ಯ, ನಾಗರಪಂಚಮಿಯ ತನಿ ಇವುಗಳ ನಡುವೆ ಬೆಳೆದವರಿಗೆ ಹಾವು ಅಂದರೆ ಭಯವೂ ಹೌದು, ಭಕ್ತಿಯೂ ಹೌದು. ಹೋವರ್ಡ್‌ನ ಹಿಂದೆ ಇರುವುದು ಬೈಬಲ್ಲಿನ ಹಾವು. ಏದೆನ್ ತೋಟದಲ್ಲಿ ಮೋಸ ಮಾಡಿದ್ದು. ಅಲ್ಲಿ ಹಾವು ಪೂಜಿಸುವವರು ಅಂದ ಕೂಡಲೇ ಓದುಗನಿಗೆ ಕೆಟ್ಟವರು ಅಂತ ಅರ್ಥವಾಗಿಬಿಡುತ್ತದೆ, ಬೇರೆ ಪುರಾವೆ ಬೇಕಾಗಿಲ್ಲ.

ಅಂದರೆ ಕೋನನ್ ಅಸುರನ ವಿಷಯದಲ್ಲಿ ಕೇಳಿದ ಸಾಕ್ಷಿಯನ್ನು ಹೋವರ್ಡ್ ಸೆಟ್‌ನ ವಿಷಯದಲ್ಲಿ ಕೇಳಲಿಲ್ಲ. ಸ್ಟಿಜಿಯಾದ ಒಬ್ಬ ಸಾಧಾರಣ ರೈತ ಸೆಟ್‌ಗೆ ಏನು ಹರಕೆ ಹೊರುತ್ತಿದ್ದ, ಮಗುವಿಗೆ ಜ್ವರ ಬಂದರೆ ಯಾರನ್ನು ನೆನೆಯುತ್ತಿದ್ದ? ಕಥೆಗಳಲ್ಲಿ ಅದು ಎಲ್ಲೂ ಇಲ್ಲ. ಸಹನೆಯ ಬಗ್ಗೆ ಅಷ್ಟು ಚೆನ್ನಾಗಿ ಬರೆದವನ ಕಣ್ಣಿಗೂ ಒಂದು ಕಡೆ ಪೊರೆ ಇತ್ತು. ಬಣ್ಣದ, ಜನಾಂಗದ ವಿಷಯದಲ್ಲಂತೂ ಆ ಪೊರೆ ಇನ್ನೂ ದಪ್ಪ. 1930ರ ದಶಕದ ಅಮೆರಿಕದ ಪೂರ್ವಗ್ರಹಗಳು ಹಾಗೇ ಇಳಿದಿವೆ, ಓದುವಾಗ ಮುಜುಗರ ಆಗುತ್ತದೆ.

ಪುರೋಹಿತರು ತಮ್ಮತಮ್ಮಲ್ಲೇ ಜಗಳ ಆಡುವುದಿಲ್ವಾ?

ಆಡದೆ ಇರುತ್ತಾರಾ! ಬೇರೆ ದೇವರ ಪುರೋಹಿತರಿಗಿಂತ ಪಕ್ಕದ ಕೋಣೆಯ ಪುರೋಹಿತನೇ ಅಲ್ಲಿ ದೊಡ್ಡ ಶತ್ರು. ಸ್ಟಿಜಿಯಾದಲ್ಲಿ ಕಪ್ಪು ಉಂಗುರ ಅನ್ನುವ ಮಾಂತ್ರಿಕರ ಬಳಗ ಇದೆ. ಅದರ ದೊಡ್ಡ ತಲೆ ಥೋತ್-ಅಮೋನ್. ಥುಟೋತ್ಮೆಸ್ ಅನ್ನುವವನು ಅಹ್ರಿಮನ್ ರತ್ನ ಬೇಕು ಅಂತ ಒದ್ದಾಡುವುದು ಲೋಕ ಗೆಲ್ಲಲಿಕ್ಕಲ್ಲ, ಥೋತ್-ಅಮೋನ್‌ನನ್ನು ಕೆಳಗಿಳಿಸಲಿಕ್ಕೆ. ಕ್ಸಾಲ್ಟೋಟನ್‌ನನ್ನು ಎಬ್ಬಿಸಿದವರೇ ನಾಲ್ಕು ದಿನಕ್ಕೆ ಅವನ ವಿರುದ್ಧ ಮಸಲತ್ತು ಶುರುಮಾಡುತ್ತಾರೆ.

ದೇವರು–ದೇವರ ನಡುವಿನ ಹಗೆಗೆ ಒಳ್ಳೆಯ ಉದಾಹರಣೆ ‘ದಿ ಗಾಡ್ ಇನ್ ದಿ ಬೌಲ್’. ಐಬಿಸ್‌ನ ಒಬ್ಬ ಪುರೋಹಿತನಿಗೆ ಸ್ಟಿಜಿಯಾದಿಂದ ಉಡುಗೊರೆ ಬರುತ್ತದೆ, ಮುಚ್ಚಿದ ದೊಡ್ಡ ಬಟ್ಟಲಿನಂಥ ಪೆಟ್ಟಿಗೆ. ದಾರಿಯಲ್ಲಿ ನೆಮೀಡಿಯಾದ ನುಮಾಲಿಯಾ ಪಟ್ಟಣದಲ್ಲಿ ಅದನ್ನು ಒಬ್ಬ ಸಂಗ್ರಹಾಲಯದ ಒಡೆಯನ ಹತ್ತಿರ ಇಟ್ಟಿರುತ್ತಾರೆ. ಒಳಗೆ ಏನೋ ಬೆಲೆಬಾಳುವುದು ಇದೆ ಅಂತ ಆಸೆಬಿದ್ದು ಅವನು ತೆರೆಯುತ್ತಾನೆ. ಮುಂದೆ ಏನಾಯಿತು ಅಂತ ನೀವೇ ಓದಿ. ಪಾರ್ಸೆಲ್ ಕಳಿಸಿದವನು ಥೋತ್-ಅಮೋನ್ ಅಂತ ಹೇಳಿದರೆ ಸಾಕು.

ಸಣ್ಣಪುಟ್ಟ ಪೂಜಾರಿಗಳೂ ಕಮ್ಮಿ ಇಲ್ಲ. 1934ರ ‘ರೋಗ್ಸ್ ಇನ್ ದಿ ಹೌಸ್’ನಲ್ಲಿ ಅನು ದೇವರ ಪೂಜಾರಿಯೊಬ್ಬ ಬರುತ್ತಾನೆ. ಗುಡಿ ಇರುವುದು ಕೊಳೆಗೇರಿಯ ಅಂಚಿನಲ್ಲಿ. ಪೂಜಾರಿ ಉಂಡು ಬೆಳೆದವನು. ಕಳ್ಳಮಾಲು ಕೊಳ್ಳುವವನೂ ಅವನೇ, ಕಳ್ಳರ ಸುಳಿವು ಪೊಲೀಸರಿಗೆ ಕೊಡುವವನೂ ಅವನೇ. ಎರಡು ಕಡೆ ಪ್ರಸಾದ. ಅದೇ ಕಥೆಯಲ್ಲಿ ಊರನ್ನು ನಿಜವಾಗಿ ಆಳುವವನು ಕೆಂಪು ಪುರೋಹಿತ ನಬೊನೈಡಸ್, ರಾಜ ಬರೀ ಗೊಂಬೆ.

ಹಾವಿನ ಮನುಷ್ಯರು ಪುರೋಹಿತರ ವೇಷದಲ್ಲಿ ಬಂದ ಕಥೆ ಯಾವುದು?

ಅದು ಕೋನನ್‌ಗಿಂತ ಹಿಂದಿನ ಕಾಲದ್ದು. ಹೋವರ್ಡ್‌ನ ಇನ್ನೊಬ್ಬ ನಾಯಕ ಕುಲ್, ವಲೂಸಿಯಾದ ರಾಜ. ಕಥೆ 1929ರ ‘ದಿ ಶಾಡೋ ಕಿಂಗ್‌ಡಮ್’. ಹಾವುಮನುಷ್ಯರನ್ನು ಜನ ಹಿಂದೆಯೇ ಬಡಿದು ಓಡಿಸಿದ್ದರು. ಅವರು ಕತ್ತಿ ಹಿಡಿದು ವಾಪಸ್ ಬರಲಿಲ್ಲ. ಜನ ಹಳೇ ದೇವರುಗಳ ಮೇಲೆ ನಂಬಿಕೆ ಕಳೆದುಕೊಳ್ಳುವವರೆಗೆ ಕಾದರು. ಆಮೇಲೆ ಇನ್ನೂ ಸತ್ಯವಾದ ಹೊಸ ಧರ್ಮದ ಗುರುಗಳು ಅಂತ ಹೇಳಿಕೊಂಡು ಬಂದರು. ಕೊನೆಗೆ ಹಾವುಮನುಷ್ಯರ ಹಳೇ ಕಥೆ ಹೇಳುವುದಕ್ಕೇ ಮರಣದಂಡನೆ ಅನ್ನುವಷ್ಟು ಅವರ ಕೈ ಮೇಲಾಯಿತು.

ಅವರನ್ನು ಕಂಡುಹಿಡಿಯಲು ಒಂದೇ ದಾರಿ, ‘ಕಾ ನಾಮಾ ಕಾ ಲಜೆರಾಮಾ’ ಅನ್ನುವ ಮಾತು. ಹಾವಿನ ಬಾಯಿಗೆ ಆ ಉಚ್ಚಾರ ಹೊರಡುವುದಿಲ್ಲ. ನನಗೆ ಇಲ್ಲಿ ಸ್ವಲ್ಪ ಎಚ್ಚರ ಬೇಕು ಅನ್ನಿಸುತ್ತದೆ. ಪಕ್ಕದಲ್ಲಿ ಕೂತವನು ಮನುಷ್ಯನ ಮುಖ ಹಾಕಿಕೊಂಡ ಹಾವು ಅನ್ನುವ ಕಲ್ಪನೆ ಕಥೆಯಲ್ಲಿ ಮೈ ಜುಮ್ ಅನ್ನಿಸುತ್ತದೆ. ಕಥೆಯಿಂದ ಬೀದಿಗೆ ಇಳಿದರೆ ಅದೇ ಕಲ್ಪನೆ ಅಸುರನ ಭಕ್ತರ ಮೇಲಿನ ಗಾಳಿಮಾತಾಗುತ್ತದೆ.

ಈ ಕಥೆಗಳಲ್ಲಿ ದೇವರು ನಿಜವಾಗಿ ಇದ್ದಾರಾ?

ಸುಳಿವು ಕೊಡುತ್ತಾರೆ, ಪೂರ್ತಿ ಕಾಣಿಸಿಕೊಳ್ಳುವುದಿಲ್ಲ. 1500 ವರ್ಷ ಹಿಂದೆ ಸತ್ತ ಋಷಿ ಎಪೆಮಿಟ್ರಿಯಸ್ ಕನಸಿನಲ್ಲಿ ಬಂದು ಕೋನನ್‌ನ ಕತ್ತಿಯ ಮೇಲೆ ಫೀನಿಕ್ಸ್ ಹಕ್ಕಿಯ ಗುರುತು ಬರೆಯುತ್ತಾನೆ. ಎದ್ದು ನೋಡಿದರೆ ಗುರುತು ಇರುತ್ತದೆ. 1933ರ ‘ಬ್ಲ್ಯಾಕ್ ಕೊಲೊಸಸ್’ನಲ್ಲಿ ಖೊರಾಜಾದ ಜನ ಇಷ್ಟಾರ್ ಕಡೆ ತಿರುಗಿ ಮಿತ್ರನನ್ನು ಮರೆತೇಬಿಟ್ಟಿದ್ದಾರೆ. ಕಷ್ಟ ಬಂದಾಗ ರಾಜಕುಮಾರಿ ಯಾಸ್ಮೆಲಾ ಆ ಪಾಳುಬಿದ್ದ ಗುಡಿಗೆ ಹೋಗುತ್ತಾಳೆ. ಬೀದಿಗೆ ಹೋಗು, ಮೊದಲು ಸಿಕ್ಕ ಗಂಡಸಿನ ಕೈಗೆ ರಾಜ್ಯ ಕೊಡು ಅನ್ನುವ ದನಿ ಕೇಳುತ್ತದೆ. ಸಿಕ್ಕವನು ಯಾರು ಅಂತ ಹೇಳಬೇಕಾಗಿಲ್ಲ. ಮರೆತವರ ಮೇಲೆ ಮಿತ್ರ ಮುನಿಸಿಕೊಳ್ಳಲಿಲ್ಲ. ಅವನ ಪುರೋಹಿತರಿಗಿಂತ ಅವನೇ ವಾಸಿ.

ವಿದ್ಯಾವಂತರಾದರೂ ನಿಷ್ಪಕ್ಷಪಾತ ಇದ್ದರಾ?

‘ಎ ವಿಚ್ ಶಲ್ ಬಿ ಬಾರ್ನ್’ ಕಥೆಯಲ್ಲಿ ಅಸ್ಟ್ರಿಯಾಸ್ ಅನ್ನುವ ನೆಮೀಡಿಯಾದ ಪಂಡಿತ ಊರಿಗೆ ಕಾಗದ ಬರೆಯುತ್ತಾನೆ. ರಾಣಿಯ ವೇಷದಲ್ಲಿರುವ ಸಲೋಮಿ ಇಷ್ಟಾರ್‌ನ ಗುಡಿ ಹಾಳುಮಾಡಿದಳು, ದಂತದ ವಿಗ್ರಹ ಒಡೆದಳು ಅಂತ ಮರುಗುತ್ತಾನೆ. ಮರುಗುವಾಗಲೇ, ಅವರ ಧರ್ಮ ನಮ್ಮ ನಿಜಧರ್ಮದಷ್ಟು ಮೇಲಲ್ಲ ಬಿಡಿ ಅನ್ನುವ ಅರ್ಥದ ಒಂದು ಮಾತನ್ನೂ ಸೇರಿಸುತ್ತಾನೆ. ಇಂಥವರನ್ನು ನಾವು ಎಲ್ಲರೂ ಎಲ್ಲೋ ನೋಡಿರುತ್ತೇವೆ.

ಕನ್ನಡದಲ್ಲಿ ಇಂಥ ರಾಜ್ಯ ಕಟ್ಟಿ ಕಥೆ ಬರೆಯಬೇಕು ಅಂತಿದೆ. ಎಲ್ಲಿಂದ ಸರಕು ತರಲಿ?

ಟೆಕ್ಸಾಸ್‌ಗೆ ಹೋಗಬೇಕಾಗಿಲ್ಲ, ಶ್ರವಣಬೆಳಗೊಳಕ್ಕೆ ಹೋಗಿ. ಅಲ್ಲಿ ವಿಜಯನಗರದ ಬುಕ್ಕರಾಯನ 1368ರ ಶಾಸನ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಆಗಿ, ಜೈನರು ರಾಜನ ಹತ್ತಿರ ದೂರು ಒಯ್ದರು. ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ ಅಂದ. ಪಂಚಮಹಾವಾದ್ಯ, ಕಲಶ ಜೈನರಿಗೂ ಸಲ್ಲಬೇಕು ಅಂದ.

ಕಥೆಗಾರರಿಗೆ ಬೇಕಾದ್ದು ಮುಂದಿನ ವಿವರ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದೊಂದು ಹಣ ಎತ್ತಬೇಕು. ಎತ್ತುವವರು ತಿರುಮಲೆಯ ತಾತಯ್ಯ, ಅಂದರೆ ವೈಷ್ಣವರ ಕಡೆಯವರು. ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ 20 ಜನ ಕಾವಲಿನವರನ್ನು ಇಡಬೇಕು, ಉಳಿದದ್ದರಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಕೋನನ್ ಬರೀ ಮುಟ್ಟಬೇಡಿ ಅಂದ. ಬುಕ್ಕರಾಯ ದುಡ್ಡು, ಕಾವಲು, ಸುಣ್ಣ ಎಲ್ಲದಕ್ಕೂ ವ್ಯವಸ್ಥೆ ಮಾಡಿ ಕಲ್ಲಿನಲ್ಲಿ ಕೆತ್ತಿಸಿದ. ಈಗ ನೀವು ಕಥೆಗಾರರಾಗಿ ಯೋಚಿಸಿ. ದುಡ್ಡು ಕೊಡುವವರು ಜೈನರು, ಎಣಿಸುವವರು ವೈಷ್ಣವರು. ಒಂದು ವರ್ಷ ಲೆಕ್ಕದಲ್ಲಿ ಹಣ ಕಮ್ಮಿ ಬಂದರೆ? 20 ಜನರಲ್ಲಿ ಒಬ್ಬ ರಾತ್ರಿ ಬಾಗಿಲು ತೆರೆದಿಟ್ಟರೆ? ಇದಕ್ಕೆ ಮಾಂತ್ರಿಕ ಬೇಕಾದರೆ ಸೇರಿಸಿಕೊಳ್ಳಿ, ಇಲ್ಲದಿದ್ದರೂ ನಡೆಯುತ್ತದೆ.

ಕೊನೆಗೆ ಅಕ್ವಿಲೋನಿಯಾ ಏನಾಯಿತು?

ನೆಲಸಮ ಆಯಿತು, ಕೋನನ್ ಕಾಲ ಆದ ಎಷ್ಟೋ ವರ್ಷಕ್ಕೆ. ಹೋವರ್ಡ್ ಆ ಯುಗದ ಚರಿತ್ರೆ ಅಂತಲೇ ಒಂದು ಪ್ರಬಂಧ ಬರೆದಿಟ್ಟಿದ್ದ, ಅದರಲ್ಲಿ ಬರುತ್ತದೆ. ಅರಸ್ ಅನ್ನುವ ಮಿತ್ರನ ಪುರೋಹಿತ ಕಾಡಿನ ಪಿಕ್ಟ್ ಜನರಿಗೆ ಧರ್ಮ ಹೇಳಲು ಹೊರಟ. ಒಳ್ಳೆಯ ಮನುಷ್ಯ, ಧೈರ್ಯವಂತ. ಅವರ ನಾಯಕ ಗೋರ್ಮ್ ಗಮನವಿಟ್ಟು ಕೇಳಿದ. ಮಿತ್ರ ಅವನ ತಲೆಗೆ ಹತ್ತಲಿಲ್ಲ. ಪಶ್ಚಿಮದ ರಾಜ್ಯಗಳ ಸಿರಿ ಎಷ್ಟು, ಕಬ್ಬಿಣದ ಆಯುಧ ಮಾಡುವುದು ಹೇಗೆ, ಅದೆಲ್ಲ ಹತ್ತಿತು. ಅರಸ್‌ನನ್ನು ಕೊಂದವನೂ ಒಬ್ಬ ಪಿಕ್ಟೇ. ಆ ಕಬ್ಬಿಣ ಮುಂದೆ ಅಕ್ವಿಲೋನಿಯಾದ ಮೇಲೆ ಬಿತ್ತು.

ಎಲ್ಲಿಂದ ಓದಲು ಶುರುಮಾಡಲಿ?

ಧರ್ಮದ ಎಳೆ ಹಿಡಿದೇ ಹೋಗಬೇಕು ಅಂದರೆ ‘ದಿ ಶಾಡೋ ಕಿಂಗ್‌ಡಮ್’, ‘ದಿ ಫೀನಿಕ್ಸ್ ಆನ್ ದಿ ಸ್ವೋರ್ಡ್’, ಆಮೇಲೆ ‘ದಿ ಅವರ್ ಆಫ್ ದಿ ಡ್ರ್ಯಾಗನ್’. ಮೊದಲಿನ ಎರಡು ಸಣ್ಣವು, ಒಂದೊಂದು ಸಂಜೆಗೆ ಮುಗಿಯುತ್ತವೆ. ‘ದಿ ಗಾಡ್ ಇನ್ ದಿ ಬೌಲ್’ ಹೋವರ್ಡ್ ಬದುಕಿದ್ದಾಗ ಅಚ್ಚಾಗಲೇ ಇಲ್ಲ, 1952ರಲ್ಲಿ ಬೇರೆಯವರ ಕೈ ತಿದ್ದುಪಡಿಯೊಂದಿಗೆ ಬಂತು. ಅದನ್ನು ಕೊಳ್ಳುವಾಗ ಹೋವರ್ಡ್‌ನ ಮೂಲ ಪಾಠವೇ ಇರುವ ಪುಸ್ತಕ ನೋಡಿ ತೆಗೆದುಕೊಳ್ಳಿ. ಅವನು ಬದುಕಿದ್ದಾಗ ಅಚ್ಚಾದ ಕಥೆಗಳ ಹಕ್ಕುಸ್ವಾಮ್ಯ ಭಾರತದಲ್ಲಿ ಮುಗಿದಿದೆ, ಕನ್ನಡಕ್ಕೆ ತರುವವರಿಗೆ ಆ ಅಡ್ಡಿ ಇಲ್ಲ.